ಅವರಿಗೆಂದು ಇಟ್ಟ ಮನೆ

ಮನೆಯ ಯಜಮಾನರು ನಮ್ಮ ತಲೆಯ ಮೇಲಿನ ಹೆಂಚುಗಳನ್ನು ಇಳಿಸತೊಡಗಿದ ಮೇಲೆಯೇ ನನಗೆ ನಿಜವಾಗಿ ಹೆದರಿಕೆಯಾದದ್ದು. ಅಲ್ಲಿಯವರೆಗೂ ಏನೋ ಆಗುತ್ತದೆ, ಯಾರೋ ಬರುತ್ತಾರೆ ಎಂದುಕೊಂಡಿದ್ದೆ. ಅಜ್ಜಿಯ ಕತೆಗಳನ್ನು ಕೇಳಿ ಬೆಳೆದವಳು ನಾನು. ಆ ಕತೆಗಳಲ್ಲಿ ದಾರಿ ತಪ್ಪಿದವರಿಗೆ ಎಲ್ಲೋ ಒಂದು ಕಡೆ ದೀಪ ಕಂಡೇ ಕಾಣುತ್ತಿತ್ತು. ಗವೀಪುರದ ಆ ಹಿಂದಿನ ಕೋಣೆಯಲ್ಲಿ ಮಲಗಿ ಮೇಲೆ ನೋಡಿದರೆ ಈಗ ಕಾಣುತ್ತಿದ್ದದ್ದು ಬರೀ ಜ್ಯೇಷ್ಠದ ಮೋಡ.

"ತಾರಸಿ ಹಾಕಿಸ್ತಿದೀನಮ್ಮ. ಮಳೆ ಬಲಿಯೋದರೊಳಗೆ ಕೆಲಸ ಆಗ್ಬೇಕು. ನೀವೂ ಆಷಾಢಕ್ಕೆ ಮುಂಚೆ ಎಲ್ಲಾದರೂ ಸೇರ್ಕೊಂಡುಬಿಡಿ" ಎಂದು ಅವರು ಯುಗಾದಿಯಿಂದ ಹೇಳುತ್ತಲೇ ಇದ್ದರು. ಕೆಟ್ಟವರೇನಲ್ಲ. ಹೆಂಚು ಇಳಿಸುವಾಗಲೂ ಅಜ್ಜಿಯ ಹಾಸಿಗೆಯ ಮೇಲಿನ ಭಾಗವನ್ನು ಕೊನೆಗೆ ಇಟ್ಟುಕೊಂಡಿದ್ದರು. ಆದರೆ ಆಷಾಢ ಹುಟ್ಟಿತೆಂದರೆ ಯಾರೂ ಮನೆ ಬದಲಾಯಿಸುವುದಿಲ್ಲ, ಹೊಸಬರನ್ನು ಯಾರೂ ಹೊಸ್ತಿಲು ದಾಟಿಸಿಕೊಳ್ಳುವುದೂ ಇಲ್ಲ. ಅಮಾವಾಸ್ಯೆ ಹತ್ತಿರ ಬಂದಿತ್ತು. ಅದರೊಳಗೆ ಒಂದು ಮಾಡು ಸಿಗದಿದ್ದರೆ ಶ್ರಾವಣದವರೆಗೂ ಅಜ್ಜಿ ಮಳೆಯಲ್ಲಿ ನೆನೆಯಬೇಕು. ಅವಳಿಗೆ ಆಗಲೇ ರಾತ್ರಿಯೆಲ್ಲ ಕೆಮ್ಮು. ಕೆಮ್ಮಿನ ನಡುವೆ "ಮಲಗೇ ಸೀತಾ, ನನಗೇನಾಗಿದೆ" ಎನ್ನುವಳು.

ಮನೆಗಳೇನೋ ಖಾಲಿ ಇದ್ದವು. ಜಯನಗರದಲ್ಲಿ ಬೀದಿಗೆ ಎರಡರಂತೆ ಹೊಸ ಗೋಡೆಗಳು ಏಳುತ್ತಿದ್ದವು. ಹೋದಲ್ಲೆಲ್ಲ ಒಂದೇ ಪ್ರಶ್ನೆ.

"ಮನೇಲಿ ಗಂಡಸರು ಯಾರಮ್ಮ?"

"ಯಾರೂ ಇಲ್ಲ. ಅಜ್ಜಿ, ನಾನು."

"ಓ... ಈ ಪೋರ್ಷನ್ನು ಮಾತಾಗಿಹೋಗಿದೆಯಲ್ಲಮ್ಮ. ಬೋರ್ಡು ತೆಗೀಬೇಕಿತ್ತು, ಮರೆತುಬಿಟ್ವಿ."

ಈ ಮಾತನ್ನು ಯಾವ ದನಿಯಲ್ಲಿ ಹೇಳುತ್ತಾರೆ, ಹೇಳುವಾಗ ಎಲ್ಲಿ ನೋಡುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಏಕೆಂದರೆ ಅದನ್ನು ನೋಡಿ ಬಂದು ಹೇಳುವುದೇ ನನ್ನ ಕೆಲಸವಾಗಿತ್ತು.

ಸೌತ್ ಎಂಡ್ ವೃತ್ತದ ಬಳಿ ರಾಮಪ್ರಸಾದರು ಎಂಬುವರಿದ್ದರು. ರೈಲ್ವೆಯಲ್ಲಿ ಇದ್ದು ನಿವೃತ್ತರಾದವರು. ದೆಹಲಿ, ಭಿಲಾಯಿ ಎಂದು ದೂರದಲ್ಲಿ ನೌಕರಿಯಲ್ಲಿದ್ದು ಇಲ್ಲಿ ಮನೆ ಕಟ್ಟಿಸಿದವರೆಲ್ಲ ಅವರಿಗೆ ಬರೆಯುತ್ತಿದ್ದರು: ನಮ್ಮ ಮನೆ ಏಕೆ ಖಾಲಿ ಬಿದ್ದಿದೆ? ಕೀಲಿ ಇಟ್ಟುಕೊಂಡವರು ಬಂದವರಿಗೆ ತೋರಿಸುತ್ತಾರೋ, ಓಡಿಸುತ್ತಾರೋ? ಆಗ ರಾಮಪ್ರಸಾದರು ನನ್ನನ್ನು ಕಳುಹಿಸುತ್ತಿದ್ದರು. ಮನೆ ಹುಡುಕುವ ಹೊಸ ಹೆಂಡತಿಯಂತೆ ನಾನು ಹೋಗಬೇಕು, ಕೇಳಬೇಕು, ನೋಡಬೇಕು, ಬಂದು ಹೇಳಬೇಕು. ಮದುವೆಯಾಗದ ಹುಡುಗಿಗೆ ಯಾರು ಬಾಗಿಲು ತೆಗೆಯುತ್ತಾರೆ? ಅದಕ್ಕೇ ಅವರ ಹೆಂಡತಿ ಒಂದು ಗಾಜಿನ ಕರಿಮಣಿ ಸರವನ್ನೂ ಗಾಂಧಿ ಬಜಾರಿನ ತಗಡಿನ ಕಾಲುಂಗುರಗಳನ್ನೂ ತೆಗೆದಿಟ್ಟಿದ್ದರು. ಸರದ ತುದಿಯನ್ನು ರವಿಕೆಯೊಳಗೆ ಸೇರಿಸಿಕೊಂಡರೆ ಅದರಲ್ಲಿ ತಾಳಿ ಇದೆಯೋ ಇಲ್ಲವೋ ಕಾಣುವುದಿಲ್ಲ.

ಅಜ್ಜಿ ಮೊದಲು ಹೌಹಾರಿದ್ದಳು. ಆಮೇಲೆ ಬಹಳ ಹೊತ್ತು ಯೋಚಿಸಿ, "ತಾಳಿ ಇಲ್ಲ ತಾನೇ? ಬರೀ ಮಣಿ ತೊಟ್ಟಿಲ ಮಗುವಿಗೂ ಕಟ್ತಾರೆ. ಹೋಗು" ಎಂದಳು.

ಕೀಲಿಯವರು ಸುಲಭಕ್ಕೆ ಸಿಗುತ್ತಿರಲಿಲ್ಲ. "ಬೆಳಿಗ್ಗೆ ಸಿಗದವರು ಮಧ್ಯಾಹ್ನ ಸಿಗ್ತಾರೆ, ಮಧ್ಯಾಹ್ನ ಸಿಗದವರು ದೀಪ ಹಚ್ಚೋ ಹೊತ್ತಿಗೆ ಸಿಗ್ತಾರೆ" ಎನ್ನುತ್ತಿದ್ದರು ರಾಮಪ್ರಸಾದರು. "ಪಕ್ಕದ ಮನೇಲಿ ಒಂದು ಸಲ ಮಾತ್ರ ಕೇಳು. ಎರಡು ಸಲ ಕೇಳಿದರೆ ಅವರೇ ನಿನ್ನ ಜಾತಕ ಶುರುಮಾಡ್ತಾರೆ. ಯಾವಾಗ ಬರ್ತಾರೆ ಅನ್ನಬೇಡ, ಈಗ ಎಲ್ಲಿದಾರೆ ಅನ್ನು. ಸಿಗದವರನ್ನ ಹುಡುಕಿ ಮಾತಾಡ್ಸೋದೇ ನಮ್ಮ ಕೆಲಸ ಕಣಮ್ಮ. ಸಿಕ್ಕವರನ್ನ ಮಾತಾಡ್ಸೋದಕ್ಕೆ ಪೋಸ್ಟ್‌ಮ್ಯಾನ್ ಸಾಕು."

ಹಾಗೆ ಹುಡುಕಿ ಹಿಡಿದವರಲ್ಲಿ ಒಬ್ಬರು ನಾರಾಯಣಮ್ಮ.

ಸಂಕ್ರಾಂತಿ ಕಳೆದ ಹೊಸತು. ದೆಹಲಿಯಲ್ಲಿದ್ದ ಜಯಸಿಂಹ ಎಂಬುವರು ಜಯನಗರದ ತೆಂಕಣ ಅಂಚಿನಲ್ಲಿ ಎರಡು ಪೋರ್ಷನ್ನಿನ ಮನೆ ಕಟ್ಟಿಸಿದ್ದರು. ಮುಂದಿನದರಲ್ಲಿ ಬಾಡಿಗೆಗೆ ಇದ್ದವರು ಊರಿಗೆ ಹೋಗಿದ್ದರು, ಹಿಂದಿನದು ಖಾಲಿ. ಆ ನೆಲ ಮೊದಲು ನಾರಾಯಣಮ್ಮನವರ ಹೊಲವಾಗಿತ್ತಂತೆ. ಬಡಾವಣೆಗೆ ಹೊಲ ಹೋದರೂ ಕೀಲಿ ಅವರ ಸೊಂಟದಲ್ಲೇ ಉಳಿದಿತ್ತು. ಯಾರಿಗೆ ಕೊಡಬೇಕು ಎಂಬುದನ್ನೂ ಜಯಸಿಂಹರು ಅವರಿಗೇ ಬಿಟ್ಟಿದ್ದರು. ಬೆಳಿಗ್ಗೆ ಹೋದೆ, ಇರಲಿಲ್ಲ. ಮಧ್ಯಾಹ್ನ ಹೋದೆ, ಇರಲಿಲ್ಲ. ಮೂಲೆಯ ಕಾಫಿಪುಡಿ ಅಂಗಡಿಯವನು, "ಆಯಮ್ಮನ್ನ ಮನೇಲಿ ಹುಡುಕ್ಬೇಡಿ ಅಕ್ಕ. ಎಮ್ಮೆ ಎಲ್ಲೋ ಅವ್ರು ಅಲ್ಲಿ" ಎಂದ. ಸಂಜೆ ಸಾರಕ್ಕಿ ಕೆರೆಯ ಏರಿಯ ಮೇಲೆ ಎಮ್ಮೆಗಳೂ ಸಿಕ್ಕವು, ಅವರೂ ಸಿಕ್ಕರು. ದಪ್ಪ ಮೂಗು, ಬರಿ ಹಣೆ, ಮಡಿಲ ತುಂಬ ಕಡೆಗಾಲದ ಅವರೆಕಾಯಿ.

"ಮನೆ ಬೇಕಾ? ಏನ್ ಮಾಡ್ತಾನೆ ನಿನ್ ಗಂಡ?"

ಇಂಥ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಕು ಎಂದು ರಾಮಪ್ರಸಾದರು ಹೇಳಿಕೊಟ್ಟಿದ್ದರು. ಆದರೆ ಕೆರೆಯ ನೀರು ಹೊಳೆಯುತ್ತಿತ್ತು, ಎಮ್ಮೆಗಳು ನಿಧಾನವಾಗಿ ತಲೆಯಾಡಿಸುತ್ತಿದ್ದವು, ನನಗೆ ಒಂದು ಸಾಲು ಸಾಲಲಿಲ್ಲ.

"ನಕಾಶೆ ಬರೀತಾರೆ. ಸರ್ವೆ ಇಲಾಖೆಯಲ್ಲಿ."

"ಕೋಪಿಷ್ಟನಾ?"

"ಇಲ್ಲಪ್ಪ. ಹಾದೀಲಿ ನಾಯಿ ಮಲಗಿದ್ದರೆ ಸುತ್ತಿಕೊಂಡು ಹೋಗ್ತಾರೆ. ಕೊಡೆ ಎಲ್ಲಾದರೂ ಬಿಟ್ಟು ಬರ್ತಾರೆ, ಆಮೇಲೆ ನೆನೆದುಕೊಂಡು ಬಂದು ನಗ್ತಾರೆ." ಅವರ ಮಡಿಲು ನೋಡಿ ಇನ್ನೂ ಒಂದು ಮಾತು ಬಂತು. "ರಾತ್ರಿ ಊಟ ಆದಮೇಲೆ ನನ್ನ ಜೊತೆ ಕೂತು ಅವರೆಕಾಳು ಹಿತುಕ್ತಾರೆ."

ನಾರಾಯಣಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಗಂಡ್ಸು! ಅವರೆಕಾಳು ಹಿತುಕ್ತಾನಾ! ನಮ್ಮನೇವ್ರು ಮೂವತ್ ವರ್ಷ ನಾನ್ ಹಿತುಕಿದ್ದನ್ನ ಉಂಡ್ರೇ ವಿನಾ ಒಂದು ಕಾಳು ಮುಟ್ಟಿದ್ರೆ ಕೇಳು. ಹೆಸ್ರೇನೇ ಆ ಪುಣ್ಯಾತ್ಮಂದು?"

ನಾನು ತಲೆ ತಗ್ಗಿಸಿದೆ. ಗಂಡನ ಹೆಸರನ್ನು ಹೆಂಡತಿ ಹೇಳುವುದುಂಟೇ? ಅವರೇ ನಕ್ಕು, "ಆಯ್ತು ಬಿಡು, ನಾಚ್ಕೆ ನೋಡು" ಎಂದರು. ಹೀಗೆ ಆ ಇಲ್ಲದ ಗಂಡನಿಗೆ ಹೆಸರೊಂದನ್ನು ಕಟ್ಟುವ ಕಷ್ಟ ನನಗೆ ಬರಲಿಲ್ಲ. ಅವರು ಬರೀ 'ಅವರು' ಆಗಿಯೇ ಉಳಿದರು.

ನಾರಾಯಣಮ್ಮ ಅವತ್ತೇ ಮನೆ ತೋರಿಸಿದರು. ಒಂದು ಕೋಣೆ, ಅಡುಗೆಮನೆ, ಹಿತ್ತಿಲಿನಲ್ಲಿ ಬಾವಿ. ಕಿಟಕಿ ತೆಗೆದರೆ ದೂರದವರೆಗೂ ರಾಗಿ ಕೊಯ್ದ ಹೊಲ. "ಕರ್ಕಂಬಾ ಒಂದಿನ ಅವ್ನನ್ನ" ಎಂದರು. "ಆಗಲಿ" ಎಂದೆ. ಮನೆಗೆ ನಡೆದು ಬರುವಾಗ ಕತ್ತಲಾಗಿತ್ತು. ಪಕ್ಕದಲ್ಲಿ ಯಾರೋ ಕೊಡೆ ಮರೆತು ಬಂದವರು ನಡೆಯುತ್ತಿದ್ದಾರೆ ಎಂದು ನಾನು ಸ್ವಲ್ಪ ಜಾಗ ಬಿಟ್ಟೇ ನಡೆದೆ. ಮರುದಿನ ರಾಮಪ್ರಸಾದರಿಗೆ, "ಆಯಮ್ಮನ್ನ ಹಿಡಿಯೋದು ಕಷ್ಟ, ಸಿಕ್ಕರೆ ಚಿನ್ನದಂಥವರು" ಎಂದು ಹೇಳಿ ಕರಿಮಣಿ ಬಿಚ್ಚಿ ಕೊಟ್ಟೆ.

ಈಗ ಹೆಂಚು ಇಳಿಯುತ್ತಿರುವಾಗ ನನಗೆ ಆ ಕಿಟಕಿ ನೆನಪಾಯಿತು. ಅಷ್ಟು ಹೊತ್ತಿಗೆ ಯಾರಾದರೂ ಬಂದಿರುತ್ತಾರೆ ಎಂದುಕೊಂಡೇ ರಾಮಪ್ರಸಾದರನ್ನು ಕೇಳಿದೆ.

"ಇನ್ನೂ ಖಾಲಿ ಅಂತಲೇ ಜಯಸಿಂಹ ಬರೆದಿದಾನೆ" ಎಂದರು. ಬಹಳ ಹೊತ್ತು ಕನ್ನಡಕ ಒರೆಸಿದರು. "ನೋಡಿ ಬರೋಕೆ ಹೋದ ನಾವೇ ಮನೆ ಹಿಡಿಯೋದು ಸರಿಯಲ್ಲ. ಆದರೆ ನಿಮ್ಮಜ್ಜಿ... ಹೋಗು. ನಿನಗೋಸ್ಕರ ಹೋಗ್ತಿದೀಯ, ನೀನಾಗೇ ಹೋಗು. ಕರಿಮಣಿ ಇಲ್ಲಿರಲಿ."

ಅಂದು ಬೆಳಿಗ್ಗೆ ಆಳು ಇಳಿಸುತ್ತಿದ್ದ ಹೆಂಚೊಂದು ಜಾರಿ ನನ್ನ ಎಡಗೈಗೆ ಬಡಿದು ಬಳೆಗಳೆಲ್ಲ ಒಡೆದಿದ್ದವು. "ಒಂದೇ ಕೈಯಲ್ಲಿ ಬಳೆ ಇಟ್ಕೋಬಾರದು, ಆ ಕೈದೂ ತೆಗೆದಿಡು, ಸಾಯಂಕಾಲ ತೊಡೋಣ" ಎಂದಿದ್ದಳು ಅಜ್ಜಿ. ಬಳೆಗಾರನ ಬಳಿ ಹೋಗಲು ಹೊತ್ತೆಲ್ಲಿ? ಹಾಗೇ ಹೊರಟೆ.

ಜಯಸಿಂಹರ ಮನೆಯ ಮುಂದಿನ ಪೋರ್ಷನ್ನಿನವರು ಈ ಸಲ ಇದ್ದರು. ಮೀನಾಕ್ಷಮ್ಮ ಎಂದು, ಗಂಡ ಮೇಷ್ಟರು. ಅಕ್ಕಿ ಆರಿಸುತ್ತಲೇ ಮಾತಾಡಿದರು.

"ಹಿಂದಿನದು ಕೇಳ್ತಿದೀರಾ? ಸುಮ್ಮನೆ ಕಾಲು ನೋಯಿಸ್ಕೋಬೇಡಿ. ಎಷ್ಟು ಜನ ಬಂದರು! ನಮ್ಮ ತಮ್ಮನಿಗೇ ಕೇಳಿದೆ, ಕೊಡಲಿಲ್ಲ. ಯಾರೋ ಒಬ್ಬ ಹುಡುಗಿ ಬಂದಿದ್ಲಂತೆ, ಗಂಡನ್ನ ಕರ್ಕೊಂಡು ಬರ್ತೀನಿ ಅಂದಿದ್ಲಂತೆ. ಈ ನಾರಾಯಣಮ್ಮ ಅವರಿಗೇ ಅಂತ ಇಟ್ಕೊಂಡು ಕೂತಿದಾಳೆ. ಏನು ಅಂಥಾ ಗಂಡನೋ, ಮಹಾರಾಜ!"

ಆ ಹುಡುಗಿ ನಾನೇ ಎಂದು ಹೇಳಿಕೊಳ್ಳದೆ ಕೇಳಿದೆ. "ಅವರು ಈಗ ಎಲ್ಲಿದಾರೆ?"

"ಪುಟ್ಟೇನಹಳ್ಳೀಲಿ ತಮ್ಮನ ಮನೇಲಿ ಇರಬೇಕು. ಇದ್ದರೆ ಇದ್ದಳು."

ಪುಟ್ಟೇನಹಳ್ಳಿಗೆ ನಡೆದೆ. ಮಣ್ಣಿನ ಹಾದಿ, ಎರಡೂ ಕಡೆ ಉತ್ತ ಹೊಲ. ನಾರಾಯಣಮ್ಮನವರ ತಮ್ಮ ಬೋರಣ್ಣ ಜಗುಲಿಯ ಮೇಲೆ ನೇಗಿಲ ಕುಳ ತಟ್ಟುತ್ತಿದ್ದ.

"ನಮ್ಮಕ್ಕನ್ನ ಹಿಡಿಯಾಕ್ ಬಂದ್ರಾ? ಗಾಳೀನಾದ್ರೂ ಹಿಡ್ಕೊಡ್ತೀನಿ, ಅವಳನ್ನ ಆಗಕಿಲ್ಲ" ಎಂದು ನಕ್ಕ. "ತಲಘಟ್ಟಪುರಕ್ಕೆ ಹೋಗವ್ಳೆ, ಮಗಳ ಮನೆಗೆ. ಬಿತ್ತನೆ ಅಲ್ವಾ? ಅಮಾಸೆ ಕಳ್ಕಂಡು ಬತ್ತಾಳೆ."

"ಅಷ್ಟು ದಿನ ಆಗೋದಿಲ್ಲ ಅಣ್ಣ. ಹೇಳಿ ಕಳಿಸೋಕೆ ಯಾರಾದರೂ..."

"ಯೋಳಿ ಕಳಿಸಿದ್ರೆ ಬರೋ ಪೈಕಿ ಅಲ್ಲ ಅದು. ನೀನೇ ಓಗವ್ವ. ಕನಕಪುರದ ರಸ್ತೇಲಿ ಬಸ್ಸು ಬತ್ತದೆ, ಬಂದ್ರೆ."

ಬರಲಿಲ್ಲ. ಬನಶಂಕರಿ ಗುಡಿಯಿಂದಾಚೆಗೆ ಆ ರಸ್ತೆಯಲ್ಲಿ ಎತ್ತಿನ ಗಾಡಿಗಳು ಬಿಟ್ಟರೆ ಏನೂ ಇರಲಿಲ್ಲ. ನಡೆಯುತ್ತ ನಡೆಯುತ್ತ ಅಜ್ಜಿಗೆ ಈಗ ಔಷಧಿಯ ಹೊತ್ತು, ಈಗ ಮೇಲಿನ ಸಾಲೂ ಇಳಿದಿರಬಹುದು, ಈಗ ಅವಳು ಹಾಸಿಗೆ ಸುತ್ತಿಕೊಂಡು ಗೋಡೆಗೆ ಒತ್ತಿ ಕೂತಿರಬಹುದು ಎಂದೆಲ್ಲ ಕಣ್ಣಿಗೆ ಕಟ್ಟಿತು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಮರದಡಿ ನಿಲ್ಲಲೂ ಮನಸ್ಸಾಗಲಿಲ್ಲ. ಸೆರಗನ್ನು ತಲೆಗೆ ಎಳೆದುಕೊಂಡು ನಡೆದೆ. ಹಣೆಯಿಂದ ನೀರು ಇಳಿಯುತ್ತಿತ್ತು, ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದೆ.

ನಾರಾಯಣಮ್ಮ ಮಗಳ ಮನೆಯ ಕೊಟ್ಟಿಗೆಯ ಸೂರಿನಡಿ ಕೂತು ಬಿತ್ತನೆಯ ರಾಗಿ ಕೇರುತ್ತಿದ್ದರು. ಮೊರ ಆಡುತ್ತಲೇ ಇತ್ತು. ತಲೆಯೆತ್ತಿ ನನ್ನನ್ನು ನೋಡಿದರು. ಗುರುತು ಹತ್ತಿ ನಗಲು ಹೊರಟ ಮುಖ ಅಲ್ಲೇ ನಿಂತುಹೋಯಿತು. ಅವರ ಕಣ್ಣು ನನ್ನ ಹಣೆಗೆ ಹೋಯಿತು, ಕುತ್ತಿಗೆಗೆ ಬಂತು, ಎರಡೂ ಕೈಗಳಿಗೆ ಬಂತು, ಕಾಲಿನ ಬೆರಳಿಗೆ ಇಳಿಯಿತು.

ಮೊರ ಕೆಳಗೆ ಬಿತ್ತು. ರಾಗಿ ಚೆಲ್ಲಿತು.

"ಅಯ್ಯೋ ನನ್ ಕಂದಾ! ಯಾವಾಗ್ಲೇ? ಯಾವಾಗ ಆಯ್ತೇ ಇದು?"

ನನಗೆ ಮೊದಲು ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಅವರು ನನ್ನನ್ನು ಎದೆಗೆ ಒತ್ತಿಕೊಂಡಿದ್ದರು. ಒದ್ದೆ ಬಟ್ಟೆಯ ಮೇಲೆ ರಾಗಿಯ ಧೂಳು, ಎಮ್ಮೆಯ ವಾಸನೆ. "ಆ ದ್ಯಾವ್ರಿಗೆ ಕಣ್ಣಿಲ್ವಾ? ಅವರೆಕಾಳು ಹಿತುಕೋ ಕೈ ಅದು, ಅದನ್ನೂ ಬಿಡಲಿಲ್ವಾ! ನಾಯಿ ಮಲಗಿದ್ರೆ ಸುತ್ಕಂಡು ಓಗ್ತಿದ್ನಲ್ಲೇ ನಿನ್ ಗಂಡ!"

ನಾನು ಹೇಳಿದ್ದ ಒಂದು ಮಾತನ್ನೂ ಅವರು ಮರೆತಿರಲಿಲ್ಲ. ನಾನು ಮರೆತಿದ್ದೆ. ಕರಿಮಣಿಯ ಜೊತೆಗೇ ಆ ಗಂಡನನ್ನೂ ರಾಮಪ್ರಸಾದರ ಜಗುಲಿಯಲ್ಲಿ ಬಿಟ್ಟು ಬಂದಿದ್ದೆ. ಈಗ ನಾರಾಯಣಮ್ಮನ ಬಾಯಲ್ಲಿ ಅವರು ಎದ್ದು ಬಂದರು, ಬಂದ ಗಳಿಗೆಯಲ್ಲೇ ಸತ್ತರು. ಎಲ್ಲಿತ್ತೋ, ನನಗೆ ಅಳು ಒತ್ತಿಕೊಂಡು ಬಂತು. ಅಜ್ಜಿಗಾಗಿ ಅತ್ತೆನೋ, ಅವರಿಗಾಗಿ ಅತ್ತೆನೋ ಗೊತ್ತಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಆ ಅಳುವಿನ ಮೇಲೆ ಯಾರಿಗೆ ಅನುಮಾನ ಬಂದೀತು?

"ಮನೆ ಬೇಕು ಅಂತ ಬಂದ್ಯಾ?"

ಹೂಂ ಎಂದೆ. "ಅಜ್ಜಿ ಒಬ್ಬಳಿದಾಳೆ. ಈಗಿರೋ ಮನೆ ಬಿಡಿಸ್ತಿದಾರೆ. ಆಷಾಢ ಹುಟ್ಟಿದರೆ ಎಲ್ಲೂ..."

"ಗಂಡ್ಸಿಲ್ಲದ ಮನೆಗೆ ಯಾರ್ ಕೊಡ್ತಾರವ್ವ? ನಂಗೊತ್ತಿಲ್ವಾ? ನಂಗೂ ಅದೇ ಆಗಿದ್ದು." ಸೊಂಟದಿಂದ ಕೀಲಿಯ ಗೊಂಚಲು ತೆಗೆದರು. ಒಂದನ್ನು ಬಿಡಿಸುತ್ತ, ಮೆಲ್ಲಗೆ ಕೇಳಿದರು. "ಎಂಗಾಯ್ತವ್ವ?"

ಒಂದು ಮಾತು ಸಾಕಿತ್ತು. ಜ್ವರ. ಎರಡಕ್ಷರ. ಕೀಲಿ ಅವರ ಬೆರಳಿನ ತುದಿಯಲ್ಲಿತ್ತು.

ಅಜ್ಜಿ ತನ್ನ ಕತೆಗಳಲ್ಲಿ ಯಾರನ್ನೂ ಸಾಯಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ರಾಕ್ಷಸನನ್ನಾದರೂ ಸಾಯಿಸು ಎಂದು ಹಟ ಮಾಡಿದರೆ, "ಸಾಯಿಸೋದು ಸುಲಭ ಕಣೇ, ಆಮೇಲೆ ಬೆಳಗಿನವರೆಗೂ ಸೂತಕ ಹಿಡಿಯೋರು ನಾವೇ ತಾನೇ" ಎನ್ನುತ್ತಿದ್ದಳು. ಹೆಸರೇ ಇಲ್ಲದವರನ್ನು, ಮಳೆಯಲ್ಲಿ ನೆನೆದು ಬಂದು ನಗುವವರನ್ನು, ಯಾವ ಜ್ವರಕ್ಕೆ ಕೊಡಲಿ? 

"ಅವರು ಇರಲೇ ಇಲ್ಲ" ಎಂದೆ.

ನಾರಾಯಣಮ್ಮ ನನ್ನ ಮುಖವನ್ನೇ ನೋಡಿದರು.

"ನಾನು ಹೇಳಿದ್ದೆಲ್ಲ ಸುಳ್ಳು. ನನಗೆ ಮದುವೆನೇ ಆಗಿಲ್ಲ. ಆ ಕರಿಮಣಿ ನನ್ನದಲ್ಲ. ನಿಮ್ಮ ಮನೆ ನೋಡಿ ಬಾ ಅಂತ ನನ್ನ ಕಳಿಸಿದ್ದರು, ಅದಕ್ಕೆ..."

"ಊಂ ಕಣವ್ವ, ಊಂ." ಅವರು ನನ್ನ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿದರು. "ಅಂಗೇ ಅನ್ಸುತ್ತೆ. ನಮ್ಮನೇವ್ರು ಓದಾಗ ನಂಗೂ ಇಂಗೇ. ಇದ್ನೋ ಇಲ್ವೋ, ಮದ್ವೆ ಆಗಿತ್ತೋ ಇಲ್ವೋ, ಎಲ್ಲಾ ಕನಸೇನೋ ಅಂತ. ಒಂದು ವರ್ಸ ಇಂಗೇ ಬಡಬಡಿಸ್ತಾ ಇದ್ದೆ."

"ಅಲ್ಲಮ್ಮ, ನಿಜವಾಗ್ಲೂ ಇರಲಿಲ್ಲ."

"ಆಯ್ತು. ಇರ್ನಿಲ್ಲ. ತಗೋ" ಎಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದರು. "ಅಮಾಸೆಗೆ ಮುಂಚೆ ಬಂದ್ಬಿಡು. ನಾನೇ ಬಂದು ನಿಂತು ಒಳಿಕ್ ಕರ್ಕತೀನಿ. ಬಿತ್ತನೆ ಸಾಯ್ಲಿ."

ಮೂರನೆಯ ಸಲ ಹೇಳಬಹುದಿತ್ತು. ಕೀಲಿ ಬೆಚ್ಚಗಿತ್ತು. ನಾನು ಹೇಳಲಿಲ್ಲ.

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಹೆಂಚಿಲ್ಲದ ಕಡೆ ಅವಳು ಹಳೆಯ ಚಾಪೆ ಕಟ್ಟಿಸಿಕೊಂಡಿದ್ದಳು. ಅದರಿಂದ ನೀರು ತೊಟ್ಟಿಕ್ಕಿ ಕೆಳಗಿಟ್ಟ ತಪ್ಪಲೆಗೆ ಬೀಳುತ್ತಿತ್ತು.

"ನಿಜ ಹೇಳಿದ್ಯಾ?" ಎಂದಳು.

"ಎರಡು ಸಲ ಹೇಳಿದೆ."

"ನಂಬದೇ ಇದ್ದರೆ ನೀನೇನು ಮಾಡ್ತೀಯ?" ಎಂದು ಅತ್ತ ತಿರುಗಿ ಮಲಗಿದಳು. ಆದರೆ ಕೆಮ್ಮಿಲ್ಲದ ಹೊತ್ತಿನಲ್ಲೂ ಅವಳಿಗೆ ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು. ಅಜ್ಜಿ ಇಪ್ಪತ್ತು ತುಂಬುವ ಮೊದಲೇ ಬೋಳು ಹಣೆಯವಳಾದವಳು. ಅವಳು ಯಾವ ಕತೆಯಲ್ಲೂ ಅದನ್ನು ಹೇಳಿರಲಿಲ್ಲ.

ಹೊರಡುವ ಬೆಳಿಗ್ಗೆ ಕನ್ನಡಿಯ ಮುಂದೆ ಕುಂಕುಮದ ಭರಣಿ ಹಿಡಿದು ನಿಂತೆ. ಇಟ್ಟುಕೊಂಡು ಹೋದರೆ ಆ ಹೊಸ್ತಿಲಲ್ಲಿ ನಿಂತಿರುವವರು ಏನೆಂದಾರು? ಗಾಡಿ ಆಗಲೇ ಬಂದಿತ್ತು. ಕೋಣೆಯ ಮೇಲೆ ಒಂದು ಹೆಂಚೂ ಉಳಿದಿರಲಿಲ್ಲ. ಒಳಗೆ ಸೇರಿಕೊಂಡ ಮೇಲೆ ಇಟ್ಟುಕೊಂಡರಾಯಿತು ಎಂದು ಭರಣಿಯನ್ನು ಪೆಟ್ಟಿಗೆಗೆ ಹಾಕಿದೆ. ಅಜ್ಜಿ ನೋಡಿದಳು. ಗಾಡಿಯಲ್ಲಿ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ.

ನಾರಾಯಣಮ್ಮ ಮಾತಿನಂತೆ ಬಂದು ನಿಂತಿದ್ದರು. ಮನೆ ಸಾರಿಸಿ, ಬಾಗಿಲಿಗೆ ಮಾವಿನೆಲೆ ಕಟ್ಟಿಸಿ, ಅಡುಗೆಮನೆಯಲ್ಲಿ ಒಲೆ ಹೂಡಿಸಿದ್ದರು. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಬೇಕು. ಅದಕ್ಕಾಗಿ ಮುಂದಿನ ಪೋರ್ಷನ್ನಿನ ಮೀನಾಕ್ಷಮ್ಮನವರನ್ನು ಕರೆದಿದ್ದರು. ಅವರು ಅರಿಸಿನ ಕುಂಕುಮದ ತಟ್ಟೆ ಹಿಡಿದು, ನನ್ನನ್ನು ನೋಡಿಯೂ ನೋಡದಂತೆ ಒಳಗೆ ನಡೆದರು. ಅಕ್ಕಿ ಆರಿಸುತ್ತ ಮಾತಾಡಿದ್ದು ನೆನಪಾಗಿ ಅವರಿಗೆ ಮುಜುಗರವಾಗಿತ್ತೆಂದು ಕಾಣುತ್ತದೆ.

"ಪಾಪ, ನೀವು ಹಾಗೆ ಆ ಕಡೆ ನಿಂತಿರಿ" ಎಂದರು. ಮೃದುವಾಗಿಯೇ ಹೇಳಿದರು. "ನಿಮ್ಮ ಒಳ್ಳೇದಕ್ಕೇ."

ನಾನು ಅಜ್ಜಿಯ ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತೆ. ಅವಳದು ಕೆಂಪು ಸೀರೆ ಹೊದ್ದ ತಲೆ, ನನ್ನದು ಬರಿ ಹಣೆ. ನಾರಾಯಣಮ್ಮ ಹಿತ್ತಿಲ ಬಾಗಿಲಿನಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ನೋಡುವವರಿಗೆ ನಾವು ಮೂವರೂ ಒಂದೇ ಬಗೆ ಕಾಣುತ್ತಿದ್ದಿರಬೇಕು. ಮೀನಾಕ್ಷಮ್ಮ ಬೆಂಕಿ ಹಚ್ಚಲು ಬಗ್ಗಿದರು.

ಅಜ್ಜಿ ಮುಂದೆ ಬಂದಳು.

ಅವಳು ಕುಂಕುಮದ ತಟ್ಟೆಗೆ ಕೈ ಹಾಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ತಟ್ಟೆ ಎದುರಿಗೆ ಬಂದರೂ ಸೆರಗು ಸರಿಸಿಕೊಳ್ಳುವವಳು. ಈಗ ಮೂರು ಬೆರಳು ಅದ್ದಿ, ಮೀನಾಕ್ಷಮ್ಮ "ಅಜ್ಜಿ, ಅಜ್ಜಿ, ನೀವು ಮುಟ್ಟಬಾರದು" ಎನ್ನುತ್ತಿದ್ದಂತೆಯೇ, ಬಂದು ನನ್ನ ಹಣೆಗೆ ಹಚ್ಚಿದಳು. ಅದು ಹುಬ್ಬಿನವರೆಗೂ ಚೆಲ್ಲಿತು.

"ನಮ್ಮ ಹುಡುಗಿಗೆ ಮದುವೆ ಆಗಿಲ್ಲ" ಎಂದಳು. "ಆ ಮನುಷ್ಯ ಇರಲೇ ಇಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಿ ಹೋದಳು, ಆಮೇಲೆ ನಿಜ ಹೇಳಿದಳು, ನೀವು ನಂಬಲಿಲ್ಲ. ಅದು ನಿಮ್ಮ ತಪ್ಪಲ್ಲ. ಇವತ್ತು ಸುಮ್ಮನೆ ಬಂದದ್ದು ನಮ್ಮ ತಪ್ಪು. ಮನೆ ಬೇಕು ನಮಗೆ. ಬೇಡ ಅನ್ನೋಲ್ಲ. ಆದರೆ ಇಂಥಾದ್ದಕ್ಕೆ ಈ ಮಗುವನ್ನ ನನ್ನ ಪಕ್ಕಕ್ಕೆ ನಿಲ್ಲಿಸಲಾರೆ."

ಅಷ್ಟು ಮಾತಾಡಿ ಕೆಮ್ಮು ಹತ್ತಿ ಅಲ್ಲೇ ಕೂತುಬಿಟ್ಟಳು.

ನಾರಾಯಣಮ್ಮ ಅಜ್ಜಿಯನ್ನು ನೋಡಿದರು. ನನ್ನ ಮಾತನ್ನು ದುಃಖದ ಬಡಬಡಿಕೆ ಎನ್ನಬಹುದಿತ್ತು. ಕೆಂಪು ಸೀರೆ ಹೊದ್ದ ಈ ತಲೆಯ ಮಾತನ್ನು ಹಾಗೆನ್ನಲಾಗಲಿಲ್ಲ.

"ಅಂಗಾದ್ರೆ ಅವ್ನು ಸತ್ತಿಲ್ವಾ?" ಎಂದರು.

ಅಜ್ಜಿ ಕೆಮ್ಮುತ್ತಲೇ, ಅವನೇ ಇಲ್ಲವೆಂದು ಕೈಯಾಡಿಸಿದಳು.

"ಇರ್ಲೇ ಇಲ್ವಾ? ಆ ಕೊಡೆ ಮರ್ಯೋನು?" ಅವರ ಮುಖದ ಮೇಲೆ ಮೊದಲು ಬಂದದ್ದು ಸಿಟ್ಟಲ್ಲ. ಏನನ್ನೋ ಕಳೆದುಕೊಂಡವರಂತೆ ಖಾಲಿ ಕೋಣೆಯನ್ನು ಒಮ್ಮೆ ಸುತ್ತ ನೋಡಿದರು. ಆಮೇಲೆ ಸಿಟ್ಟು ಬಂತು. "ಅವ್ನು ಬತ್ತಾನೆ ಬತ್ತಾನೆ ಅಂತ ಇಷ್ಟು ದಿನ ಬೀಗ ಆಕ್ಕೊಂಡ್ ಕುಂತಿದ್ನಲ್ಲೇ! ನನ್ ಮಗಳ್ ಮನೇಲಿ ಮೂರ್ ದಿನ ಅನ್ನ ಸೇರ್ಲಿಲ್ಲ ನಂಗೆ. ಸತ್ತೋನ್ ಸುದ್ದಿ ಅಂತ ತಲೆಗೆ ನೀರಾಕ್ಕೊಂಡ್ನಲ್ಲೇ, ಲೌಡಿ!"

ಹಿತ್ತಿಲಿಗೆ ಇಳಿದು ಬಾವಿಯ ಕಟ್ಟೆಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತರು. ಮೀನಾಕ್ಷಮ್ಮ ಬೆಂಕಿಪೊಟ್ಟಣ ಹಿಡಿದುಕೊಂಡೇ ಇದ್ದರು. ಹೊರಗೆ ಗಾಡಿಯವನು ಕೂಗಿದ. "ಅಮ್ಮಾ, ಇಳಿಸ್ಲಾ, ಬ್ಯಾಡ್ವಾ? ಮಳೆ ಬತ್ತೈತೆ!"  ಅವನು ಮತ್ತೆ ಕೂಗಿದ. "ವಾಪಸ್ ಓಗೋದಾದ್ರೂ ಯೋಳಿ!"

ವಾಪಸ್ಸು ಎಲ್ಲಿಗೆ? ಅಜ್ಜಿಯ ಬೆನ್ನು ಸವರುತ್ತ ಕೂತಿದ್ದೆ. ಕೆಮ್ಮಿದಾಗಲೆಲ್ಲ ಅವಳ ಎಲುಬುಗಳು ಕೈಗೆ ಸಿಗುತ್ತಿದ್ದವು. ನಾನು ಎದ್ದು ಬಾವಿಯ ಕಡೆ ಹೋಗಿ ಅವರ ಕಾಲು ಹಿಡಿಯಬೇಕೆಂದುಕೊಂಡೆ. ಅಜ್ಜಿ ನನ್ನ ಸೆರಗು ಹಿಡಿದು ಕೂರಿಸಿದಳು.

ಹನಿ ಬೀಳತೊಡಗಿತು. ನಾರಾಯಣಮ್ಮ ತಿರುಗಿದರು. ನನ್ನ ಕಡೆ ನೋಡಲಿಲ್ಲ. ಅಜ್ಜಿಯ ಕಡೆ ನೋಡಿ, ಹಿತ್ತಿಲಿನಿಂದಲೇ ಗಟ್ಟಿಯಾಗಿ ಹೇಳಿದರು.

"ಸ್ರಾವಣ ಉಟ್ಟೋ ತಂಕ ಇರಿ ಅಜ್ಜಿ. ಈ ಮಳೇಲಿ ಮುದುಕೀನ ಬೀದೀಲಿ ನಿಲ್ಲಿಸಿದ್ರೆ ಎಮ್ಮೆ ಆಲು ಕೊಡಾಕಿಲ್ಲ ನಂಗೆ. ಆಮ್ಯಾಲೆ ನೋಡಾನ. ಆ ಉಡುಗಿ ಮಾತ್ರ ನನ್ ಜೊತೆ ಮಾತಾಡ್ಬ್ಯಾಡ್ದು." ಗಾಡಿಯವನಿಗೆ, "ಇಳಿಸೋ, ಏನ್ ನೋಡ್ತೀಯಾ!" ಎಂದರು. ಮೀನಾಕ್ಷಮ್ಮನವರಿಗೆ, "ನೀವು ಬನ್ನಿ ಈಚೆಗೆ. ಮದ್ವೆ ಆಗ್ದಿರೋ ಎಣ್ಮಗಳು ಮನೇಲೇ ಅವ್ಳಲ್ಲ, ಅವಳೇ ಉಕ್ಕಿಸ್ಲಿ."

ನಾನು ಒಲೆಯ ಮುಂದೆ ಕೂತೆ. ಸೌದೆ ಹಸಿಯಾಗಿತ್ತು. ಊದಿದಷ್ಟೂ ಹೊಗೆಯೇ ಬರುತ್ತಿತ್ತು, ಕಣ್ಣು ಬಿಡಲಾಗುತ್ತಿರಲಿಲ್ಲ. ಹಿಂದೆ ಗಾಡಿಯವನು ಪಾತ್ರೆಗಳನ್ನು ದಡಬಡ ಇಳಿಸುತ್ತಿದ್ದ. ಅಂತೂ ಕಡ್ಡಿ ಹತ್ತಿತು. ಹಾಲು ಬಹಳ ಹೊತ್ತು ಸುಮ್ಮನಿತ್ತು, ಆಮೇಲೆ ಅಂಚಿನಲ್ಲಿ ನೊರೆ ಕಟ್ಟಿತು, ಎದ್ದಿತು, ಒಲೆಯ ಮೇಲೆ ಚುರ್ ಎಂದು ಚೆಲ್ಲಿತು.

ನಾರಾಯಣಮ್ಮ ಹಿತ್ತಿಲ ಬಾಗಿಲಿನಲ್ಲಿ ಮಳೆಗೆ ಬೆನ್ನು ಕೊಟ್ಟು ಅಷ್ಟು ಹೊತ್ತೂ ನಿಂತೇ ಇದ್ದರು. ಹಾಲು ಉಕ್ಕಿದ್ದನ್ನು ನೋಡಿದರು. "ಅಮ್ಮ" ಎಂದು ನಾನು ಕರೆದೆ. ಅವರು ಸೆರಗನ್ನು ತಲೆಯ ಮೇಲೆ ಹಾಕಿಕೊಂಡು, ಹಿತ್ತಿಲಾಚೆ ಮೇಯುತ್ತಿದ್ದ ಎಮ್ಮೆಗಳನ್ನು ಹೊಡೆದುಕೊಂಡು ಹೋದರು.